ಸುನಿತಾ ವೇದಿಕೆಗೆ ಬರುವುದಿಲ್ಲ

ಶಿಕಾರಿಪುರ
ಡಿಸೆಂಬರ್ 8, 2024, ಭಾನುವಾರ

ರೀ ಮಲ್ಲಿಕಾರ್ಜುನ್,

ಹೆಸರಿಗೆ 'ರೀ' ಅಂಟಿಸಬೇಡ, ಹಳೇ ಕಾಲದ ಹೆಂಡತಿ ಕರೆದ ಹಾಗೆ ಕೇಳುತ್ತದೆ ಎಂದು ನೀವು ದೆಹಲಿಯಲ್ಲಿ ನಿಮ್ಮ ಆಫೀಸಿನವರ ಮುಂದೆ ನಕ್ಕಿದ್ದಿರಿ. ಅವತ್ತು ನಾನೂ ನಕ್ಕು ಸುಮ್ಮನಾಗಿದ್ದೆ. ನಮ್ಮ ಕಡೆ ಕಂಡಕ್ಟರಿಗೂ ರೀ ಅನ್ನುತ್ತೇವೆ, ಜಗಳ ಆಡುವಾಗಲೂ ರೀ ಅನ್ನುತ್ತೇವೆ. ಇದನ್ನು ಜಗಳದ ರೀ ಅಂತಲೇ ತಿಳಿದುಕೊಳ್ಳಿ.

ಫೋನು ಇರುವಾಗ ಪತ್ರ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನಾನು ಕಷ್ಟ ಹೇಳಲು ಬಾಯಿ ತೆರೆದರೆ ಸಾಕು, ನೀವು ಪರಿಹಾರ ಶುರು ಮಾಡುತ್ತೀರಿ. ಮಾತು ಮುಗಿಯುವ ಹೊತ್ತಿಗೆ ನನ್ನ ಕಷ್ಟಕ್ಕೆ ಒಂದು ಇಂಗ್ಲಿಷ್ ಹೆಸರೂ ಇರುತ್ತದೆ. ಪತ್ರದಲ್ಲಿ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಿಮ್ಮ ಮೇಲ್ ಬಂತು. ಸಂಕ್ರಾಂತಿ ಕಳೆದ ಮೇಲೆ ಮೂವರು ಅತಿಥಿಗಳನ್ನು ಕರೆದುಕೊಂಡು ಬರುತ್ತೀರಿ. ಅವರಲ್ಲಿ ಒಬ್ಬಾಕೆ ಘಾನಾ ದೇಶದವರು, ಅಲ್ಲಿಯ ಕೋಕೋ ತೋಟದ ಕೂಲಿಯವರ ಮಕ್ಕಳಿಗೆ ನಮ್ಮ ಹಾಸ್ಟೆಲಿನಂಥದ್ದೇ ಕಟ್ಟಬೇಕು ಅಂತಿದ್ದಾರೆ. ಹಾಸ್ಟೆಲಿನ ಅಂಗಳದಲ್ಲಿ ಸಣ್ಣ ವೇದಿಕೆ ಹಾಕಿಸಬೇಕು, ಸುನಿತಾ ಐದು ನಿಮಿಷ ಮಾತನಾಡಬೇಕು, ಕೊನೆಯ ವಾಕ್ಯ ಮಾತ್ರ ಇಂಗ್ಲಿಷಿನಲ್ಲಿ ಹೇಳಿದರೆ ಚೆನ್ನ, ಅವಳ ಕಥೆ ತುಂಬಾ ಗಟ್ಟಿ ಎಂದೆಲ್ಲ ಬರೆದಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ಸುನಿತಾ ವೇದಿಕೆಗೆ ಬರುವುದಿಲ್ಲ. ಹಾಗೆ ನಾನು ತೀರ್ಮಾನ ಮಾಡಿದ್ದೇನೆ. ನೀವು ಸಿಟ್ಟಾಗುತ್ತೀರಿ ಅಂತ ಗೊತ್ತು. ಆದರೆ ಯಾಕೆ ಅನ್ನುವುದನ್ನು ಕೇಳಿ ಸಿಟ್ಟಾಗಿ.

ನಾವು ಶುರು ಮಾಡಿದ್ದು ನಿಮಗೆ ನೆನಪಿದೆಯಲ್ಲ. ಆನವಟ್ಟಿಯಿಂದಾಚೆ ಆ ತಾಂಡಾದ ಶಾಲೆಗೆ ಹೋದಾಗ ಮಾಸ್ತರು ನಮಗೆ ಖಾಲಿ ಬೆಂಚುಗಳನ್ನು ತೋರಿಸಿದರು. ದೀಪಾವಳಿ ಮುಗಿಯುತ್ತಿದ್ದ ಹಾಗೆ ಲಾರಿಗಳು ಬರುತ್ತವೆ, ಜನ ಕಾಫಿ ಸೀಮೆಗೆ ಹಣ್ಣು ಕೊಯ್ಯಲು ಹೊರಡುತ್ತಾರೆ, ಮಕ್ಕಳೂ ಹೋಗುತ್ತವೆ, ವಾಪಸ್ ಬರುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ ಎಂದರು. ನೀವು ಆ ಬೆಂಚಿನ ಮೇಲೆ ಕೂತು, ಈ ಮಕ್ಕಳಿಗೆ ನಾಲ್ಕು ತಿಂಗಳು ಇರಲು ಒಂದು ಜಾಗ ಸಿಕ್ಕರೆ ಸಾಕಲ್ಲವೇನೇ ಚೈತ್ರಾ ಅಂದಿರಿ. ನಾನು ಕುಬಟೂರಿನವಳು, ಅದೇ ಸೀಮೆಯವಳು. ನನಗೂ ಅಷ್ಟೇ ಸಾಕು ಅನ್ನಿಸಿತು.

ನಿಮ್ಮ ಅಪ್ಪಾಜಿ ಪಂಚಾಕ್ಷರಪ್ಪನವರು ಮೆಕ್ಕೆಜೋಳ ತುಂಬುತ್ತಿದ್ದ ಗೋಡೌನು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟರು ಅನ್ನುವುದಕ್ಕಿಂತ ನಾವು ಕಾಡಿ ಕಿತ್ತುಕೊಂಡೆವು. ಮೊದಲ ವರ್ಷ ಮಕ್ಕಳೆಲ್ಲ ಜೋಳದ ಧೂಳಿಗೆ ಸೀನುತ್ತಿದ್ದರು. ನೀವು ಲುಂಗಿ ಎತ್ತಿ ಕಟ್ಟಿ ಗೋಡೆಗೆ ಸುಣ್ಣ ಹೊಡೆದಿರಿ. ಭಾನುವಾರ ಒಬ್ಬೊಬ್ಬರನ್ನೇ ಕೂರಿಸಿ ತಲೆಗೆ ಹೇನಿನ ಔಷಧಿ ಹಚ್ಚುತ್ತಿದ್ದಿರಿ, ನಿಮ್ಮ ತಲೆಗೂ ಹೇನು ಹತ್ತಿ ನಾನು ಹಚ್ಚಬೇಕಾಯಿತು. ಆ ವರ್ಷ ನಿಮ್ಮನ್ನು ಪ್ರೀತಿಸಿದಷ್ಟು ನಾನು ಯಾರನ್ನೂ ಯಾವತ್ತೂ ಪ್ರೀತಿಸಿಲ್ಲ. ಇದನ್ನು ಇಲ್ಲಿ ಯಾಕೆ ಬರೆದೆನೋ ಗೊತ್ತಿಲ್ಲ, ಇರಲಿ.

ಆಮೇಲೆ ನಿಮ್ಮನ್ನು ದೆಹಲಿಯ ಆ ದೊಡ್ಡ ಪ್ರತಿಷ್ಠಾನ ಕರೆಯಿತು. ಇಲ್ಲಿ ಕೂತರೆ ಒಂದು ಗೋಡೌನು ತುಂಬ ಮಕ್ಕಳು, ಅಲ್ಲಿ ಕೂತರೆ ಲಕ್ಷ ಮಕ್ಕಳು ಎಂದು ನೀವು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಬರಲಿಲ್ಲ. ಒಲೆ ಹಚ್ಚಿಟ್ಟು ಎದ್ದು ಹೋದರೆ ಆಗುತ್ತದೇನ್ರೀ ಎಂದು ಕೇಳಿದೆ. ನಿನಗೆ ದೊಡ್ಡದಾಗಿ ಯೋಚಿಸಲು ಬರುವುದಿಲ್ಲ ಎಂದಿರಿ. ಆ ಮಾತು ಇನ್ನೂ ನನ್ನ ಹೊಟ್ಟೆಯಲ್ಲಿ ಹಾಗೇ ಇದೆ, ಜೀರ್ಣ ಆಗಿಲ್ಲ. ಈಗ ನಾವು ಜಗಳವಾಡಿದ್ದೇವೋ ಬೇರೆಯಾಗಿದ್ದೇವೋ ಎಂದು ಊರವರು ಕೇಳಿದರೆ, ಅವರು ಟೂರಿನಲ್ಲಿದ್ದಾರೆ ಅನ್ನುತ್ತೇನೆ.

ಈಗ ಸುನಿತಾಳ ವಿಷಯ. ನೀವು ಅವಳನ್ನು ನೋಡಿದ್ದು ಫೋಟೊದಲ್ಲಿ ಮಾತ್ರ, ಆದ್ದರಿಂದ ಹೇಳುತ್ತೇನೆ. ಆರನೇ ಕ್ಲಾಸು, ಕಡ್ಡಿಯಂಥ ಹುಡುಗಿ, ಲೆಕ್ಕ ಮಾಡುವಾಗ ತುಟಿ ಅಲ್ಲಾಡಿಸುತ್ತಾಳೆ. ಹೋದ ವರ್ಷ ದಸರೆ ಆದ ಮೇಲೆ ಅವಳ ತಾಯಿ ಸಾವಿತ್ರಿಬಾಯಿ ತಾನಾಗಿಯೇ ಕರೆತಂದು ಬಿಟ್ಟಳು. ನಾವು ಯಾರೂ ಮನವೊಲಿಸಲು ಹೋಗಿರಲಿಲ್ಲ. ನಾನಂತೂ ಓದಲಿಲ್ಲ, ಇವಳಾದ್ರೂ ಓದ್ಲಿ ಅಂದಳು. ಅವಳ ಜೊತೆ ಆಗಿನ್ನೂ ಅಂಬೆಗಾಲಿಕ್ಕುತ್ತಿದ್ದ ಗಂಡು ಕೂಸು ಲೋಕೇಶ ಇದ್ದ. ಕೂಸು ಸುನಿತಾಳ ಸೊಂಟ ಬಿಟ್ಟು ಇಳಿಯಲು ಒಪ್ಪದೆ ರಂಪ ಮಾಡಿತು. ನಮ್ಮ ಅಡುಗೆಯ ಗುಡ್ಡಮ್ಮ ಬೆಲ್ಲದ ಚೂರು ಬಾಯಿಗಿಟ್ಟು ಹೇಗೋ ಬಿಡಿಸಿದಳು. ನನಗೆ ಅದು ಮುದ್ದಾಗಿ ಕಂಡಿತು, ನಗುತ್ತಾ ಫೋಟೊ ತೆಗೆದೆ. ನಿಮ್ಮ ಬ್ರೋಷರಿನ ಮೇಲಿರುವುದು ಅದೇ ಫೋಟೊ. ನಿಮ್ಮವರು ಅಳುವ ಕೂಸನ್ನು ಕತ್ತರಿಸಿ ತೆಗೆದು ಸುನಿತಾಳ ಮುಖ ಮಾತ್ರ ಇಟ್ಟುಕೊಂಡಿದ್ದಾರೆ.

ತಾಂಡಾದವರು ಕಾಫಿ ಸೀಮೆಗೆ ಹೊರಡುವಾಗ ಒಂದು ಪದ್ಧತಿ ಇದೆ. ನಾನು ಇಷ್ಟು ವರ್ಷ ಅಲ್ಲಿಗೆ ಹೋಗಿ ಬಂದರೂ ಅದನ್ನು ಪದ್ಧತಿ ಅಂತ ನೋಡಿರಲಿಲ್ಲ. ಎದೆಹಾಲಿನ ಕೂಸಿರುವ ಮನೆಯವರು ಹೊರಡುವುದಕ್ಕೆ ತಿಂಗಳಿಗೂ ಮುಂಚೆಯೇ ಕೂಸನ್ನು ಮನೆಯ ದೊಡ್ಡ ಹುಡುಗಿಗೆ ಕೊಟ್ಟುಬಿಡುತ್ತಾರೆ. ಅವಳ ಪಕ್ಕದಲ್ಲೇ ಮಲಗಬೇಕು, ಅವಳ ಕೈಯಲ್ಲೇ ಉಣ್ಣಬೇಕು. ಹಾಗೆ ಮಾಡಿದರೆ ಕೂಸು ಅವಳಿಗೆ ಹೊಂದಿಕೊಳ್ಳುತ್ತದೆ, ತೋಟದಲ್ಲಿ ತಾಯಿ ಹಣ್ಣು ಕೊಯ್ಯುವಾಗ ಅಳುವುದಿಲ್ಲ. ಆ ಹುಡುಗಿ ಗಿಡದ ಸಾಲಿನ ಬದಿಯಲ್ಲಿ ಕೂಸನ್ನು ಎತ್ತಿಕೊಂಡು ಓಡಾಡುತ್ತಾಳೆ, ಹಸಿದಾಗ ತಾಯಿಯ ಹತ್ತಿರ ತರುತ್ತಾಳೆ. ಆಳು ಕರೆದೊಯ್ಯುವ ಮೇಸ್ತ್ರಿ ಹೂವಪ್ಪ ಕೂಡ ಕೂಸು ಕಾಯುವ ಹುಡುಗಿ ಇದ್ದರೆ ಮಾತ್ರ ತಾಯಿಗೆ ಕೂಸನ್ನು ಸಾಲಿನ ಹತ್ತಿರ ಇಟ್ಟುಕೊಳ್ಳಲು ಬಿಡುತ್ತಾನೆ, ಇಲ್ಲದಿದ್ದರೆ ಎಸ್ಟೇಟಿನವರು ಆಳುಗಳಿಗೆ ಕೊಟ್ಟ ಲೈನು ಮನೆಯಲ್ಲೇ ಬಿಟ್ಟು ಬರಬೇಕು.

ನಾವು ಹಾಸ್ಟೆಲಿಗೆ ಆರಿಸಿಕೊಂಡಿದ್ದು ಯಾರನ್ನು? ಹೆಣ್ಣುಮಕ್ಕಳು, ಅದರಲ್ಲೂ ಮನೆಯ ದೊಡ್ಡ ಹುಡುಗಿಯರು. ಶಾಲೆ ಬಿಡುವ ಸಂಭವ ಅವರದ್ದೇ ಜಾಸ್ತಿ ಎಂದು ನೀವೇ ಅಂಕಿಅಂಶ ತೆಗೆದು ತೋರಿಸಿದ್ದಿರಿ. ನಾನು ಹೌದೌದು ಅಂದಿದ್ದೆ.

ಈ ವರ್ಷದ ಜನವರಿಯಲ್ಲಿ ಲೋಕೇಶನ ಎಡಗೈ ಲೈನು ಮನೆಯ ಒಲೆಯಲ್ಲಿ ಸುಟ್ಟಿತು. ನಿಮಗೆ ಗೊತ್ತಿದ್ದದ್ದೇ. ಅವರು ಶಿವಮೊಗ್ಗದ ಆಸ್ಪತ್ರೆಗೆ ಬಂದಾಗ ನಾನು ಹೋಗಿದ್ದೆ, ವಾಹನ, ಔಷಧಿ ಎಲ್ಲ ಸಂಸ್ಥೆಯಿಂದ ನೋಡಿಕೊಂಡೆವು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ದೊಡ್ಡವನಾದ ಮೇಲೆ ಆಪರೇಷನ್ ಮಾಡಿದರೆ ಬಿಡಿಸಬಹುದು, ಬಿಡಿಸದೆಯೂ ಇರಬಹುದು ಎಂದರು. ನಿಮ್ಮ ವರ್ಷದ ವರದಿಯಲ್ಲಿ ಅದಕ್ಕೆ 'ವಲಸೆ ಕುಟುಂಬಕ್ಕೆ ತುರ್ತು ಆರೋಗ್ಯ ನೆರವು' ಎಂದು ಒಂದು ಸಾಲು ಬಂತು. ಅದಕ್ಕಿಂತ ಎರಡು ಸಾಲು ಮೇಲೆ, ಸುನಿತಾ ಎಂಬ ಹುಡುಗಿ ಕ್ಲಾಸಿಗೆ ಮೊದಲು ಬಂದದ್ದು ಇತ್ತು. ಇಬ್ಬರೂ ಒಂದೇ ಮನೆಯ ಮಕ್ಕಳು ಅಂತ ಅದನ್ನು ಓದಿದವರಿಗೆ ಗೊತ್ತಾಗುವ ಹಾಗಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ನಾನು ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ, ಅದು ಅವರ ನಸೀಬು ಎಂದೇ ಅಂದುಕೊಂಡೆ.

ನಿಮ್ಮ ಮೇಲ್ ಬಂದ ವಾರ ಭಾಷಣದ ತಯಾರಿ ಶುರು ಮಾಡಿದೆ. ನಾನೇ ಬರೆದುಕೊಡುವುದು ಬೇಡ, ಅವಳ ಮಾತಿನಲ್ಲೇ ಬರಲಿ ಅಂದುಕೊಂಡು, ಹೋದ ವರ್ಷ ನೀನು ಇಲ್ಲಿಗೆ ಬಂದೆಯಲ್ಲ, ಅದರಿಂದ ಏನಾಯಿತು ಅಂತ ಹೇಳು ಎಂದೆ. ಗುಡ್ಡಮ್ಮ ಸೊಪ್ಪು ಸೋಸುತ್ತಾ ಕೂತಿದ್ದಳು, ಬೇರೆ ಹುಡುಗಿಯರು ಚಪ್ಪಾಳೆ ತಟ್ಟಲು ಕಾಯುತ್ತಿದ್ದರು. ಸುನಿತಾ ಕೈ ಕಟ್ಟಿ ನಿಂತು ಪದ್ಯ ಒಪ್ಪಿಸುವ ಧ್ವನಿಯಲ್ಲಿ ಹೇಳಿದಳು.

"ಎಲ್ಲರಿಗೂ ನಮಸ್ಕಾರ. ನಾನು ಹಾಸ್ಟೆಲಿಗೆ ಬಂದೆ. ನಾನು ಇರಲಿಲ್ಲ ಅಂತ ನನ್ನ ತಮ್ಮನ ಕೈ ಸುಟ್ಟಿತು. ನಾನು ಕ್ಲಾಸಿಗೆ ಫಸ್ಟ್ ಬಂದೆ. ಧನ್ಯವಾದಗಳು."

ಹುಡುಗಿಯರು ಚಪ್ಪಾಳೆ ತಟ್ಟಿದರು. ಅವಳು ಅಳಲಿಲ್ಲ, ಯಾರನ್ನೂ ದೂರಲಿಲ್ಲ, ಸರಿಯಾಯ್ತಾ ಮೇಡಂ ಅನ್ನುವ ಹಾಗೆ ನನ್ನ ಮುಖ ನೋಡಿದಳು. ಅಯ್ಯೋ ಮಲ್ಲಿಕಾರ್ಜುನ್, ಆ ಮಗು ಇದನ್ನು ಒಂದು ವರ್ಷದಿಂದ ತಲೆಯಲ್ಲಿಟ್ಟುಕೊಂಡು ನಮ್ಮ ಅನ್ನ ಉಂಡು, ನಮ್ಮ ಮಗ್ಗಿ ಹೇಳಿ, ನಮಗೆ ಫಸ್ಟ್ ಬಂದು ತೋರಿಸಿದೆ.

ಅವತ್ತು ಸಂಜೆ ಅವಳು ನನ್ನ ಹತ್ತಿರ ಬಂದು ನಾನು ಅವ್ವನ ಹತ್ರ ಹೋಗ್ತೀನಿ ಅಂದಳು. ಸೀಸನ್ ಮುಗಿಯುವ ತನಕ ಕೂಸು ನೋಡಿಕೊಂಡಿದ್ದು ಆಮೇಲೆ ಬರುತ್ತೇನೆ ಎಂದಳು. ಪುಸ್ತಕ ತೆಗೆದುಕೊಂಡು ಹೋಗುತ್ತಾಳಂತೆ, ಅಲ್ಲೇ ಓದುತ್ತಾಳಂತೆ. ಗುಡ್ಡಮ್ಮ ಇದನ್ನು ಕೇಳಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. ಇವಳು ಈ ವರ್ಷ ಕೂಸಿನ ಹಿಂದೆ ಹೋದರೆ ಬರುವ ವರ್ಷ ದೊಡ್ಡವಳಾಗುತ್ತಾಳೆ, ಅದರ ಮುಂದಿನ ವರ್ಷ ಗಂಡು ನೋಡುತ್ತಾರೆ, ತಾಂಡಾದಲ್ಲಿ ಇವಳಿಗಿಂತ ದೊಡ್ಡ ಹುಡುಗಿಯರದ್ದೆಲ್ಲ ಹೀಗೇ ಆಗಿದ್ದು, ಕಳಿಸಿದರೆ ನಾನು ಅಡುಗೆ ಬಿಟ್ಟು ಹೋಗುತ್ತೇನೆ ಎಂದು ನನಗೇ ಗದರಿದಳು. ಅವಳು ಹೇಳಿದ್ದು ಸುಳ್ಳಲ್ಲ. ಹಾಗೆ ಹೋದ ಹುಡುಗಿಯರ ಹೆಸರು ನಿಮಗೂ ಗೊತ್ತು, ನನಗೂ ಗೊತ್ತು.

ಸುನಿತಾ ಜಗಳ ಆಡಲಿಲ್ಲ. ಊಟ ಬಿಟ್ಟಳು. ಅದನ್ನೂ ಹಟ ಮಾಡಿ ಬಿಟ್ಟಿದ್ದಲ್ಲ, ತಟ್ಟೆಯಲ್ಲಿ ಕಲಸಿ ಕಲಸಿ ಏಳುತ್ತಿದ್ದಳು. ಎರಡು ದಿನ ನೋಡಿದೆ. ನನ್ನ ಕೈಲಿ ಆಗಲಿಲ್ಲ. ಮಗು ತನ್ನ ತಮ್ಮನಿಗೋಸ್ಕರ ಒದ್ದಾಡುತ್ತಿರುವಾಗ ಅವಳನ್ನು ಬೀಗ ಹಾಕಿ ಕೂರಿಸಿ ಓದಿಸುವುದು ಯಾವ ಸೀಮೆಯ ಉದ್ಧಾರ ಅನ್ನಿಸಿತು. ಗುರುವಾರ ಬೆಳಿಗ್ಗೆ ಅವಳ ಟ್ರಂಕು ಸಮೇತ ಹೊರಡಿಸಿದೆ. ಗುಡ್ಡಮ್ಮ ಮುಖ ತಿರುಗಿಸಿಕೊಂಡು ಬುತ್ತಿ ಕಟ್ಟಿಕೊಟ್ಟಳು. ಶಿವಮೊಗ್ಗ, ಅಲ್ಲಿಂದ ಎನ್.ಆರ್. ಪುರ, ಅಲ್ಲಿಂದ ಬಾಳೆಹೊನ್ನೂರು, ಆಮೇಲೆ ಜೀಪು. ದಾರಿಯುದ್ದಕ್ಕೂ ಕಿಟಕಿ ಪಕ್ಕ ಕೂತು ಎಲ್ಲಿ ಇಳಿಯುವುದು, ಯಾವ ಬಸ್ಸು ಎಂದು ಕೇಳುತ್ತಲೇ ಇದ್ದಳು. ನನಗೆ ಖುಷಿಯಾಯಿತು, ಹುಡುಗಿಗೆ ಜೀವ ಬಂತು ಅಂದುಕೊಂಡೆ.

ಎಸ್ಟೇಟಿನ ಲೈನು ಮನೆ ತಲುಪುವಾಗ ಮಧ್ಯಾಹ್ನ ದಾಟಿತ್ತು. ದೊಡ್ಡವರೆಲ್ಲ ತೋಟದಲ್ಲಿದ್ದರು. ಸಾಲು ಮನೆಗಳ ಜಗುಲಿಯ ಕೊನೆಯಲ್ಲಿ ಲೋಕೇಶ ಇದ್ದ. ಅವನ ಸೊಂಟಕ್ಕೆ ಹಳೇ ಸೀರೆಯ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದರು. ಈಗ ಎರಡು ವರ್ಷದವನು, ಚೆನ್ನಾಗಿ ನಡೆಯುತ್ತಾನೆ. ಸೀರೆ ಎಷ್ಟು ದೂರ ಬಿಡುತ್ತದೋ ಅಷ್ಟು ದೂರ ಸುತ್ತಿ ಸುತ್ತಿ ಕಂಬದ ಸುತ್ತ ನೆಲ ಸವೆದಿತ್ತು. ಪಕ್ಕದಲ್ಲಿ ಒಂದು ಲೋಟ ನೀರು, ಒಂದಿಷ್ಟು ಚುರುಮುರಿ. ನಮ್ಮನ್ನು ನೋಡಿ ಅವನು ಅಳಲೂ ಇಲ್ಲ, ನಗಲೂ ಇಲ್ಲ. ಸುನಿತಾ ಟ್ರಂಕು ಅಲ್ಲೇ ಬಿಟ್ಟು ಓಡಿ ಗಂಟು ಬಿಚ್ಚಿ ಎತ್ತಿಕೊಂಡಳು. ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಆ ಅಂಟಿದ ಕೈಯನ್ನು ಅವಳ ಕುತ್ತಿಗೆಗೆ ಹಾಕಿದ.

ಸುದ್ದಿ ತಲುಪಿ ಸಾವಿತ್ರಿಬಾಯಿ ತೋಟದಿಂದ ಬಂದಳು. ಸೊಂಟಕ್ಕೆ ಕಟ್ಟಿದ ಚೀಲ ಇನ್ನೂ ಬಿಚ್ಚಿರಲಿಲ್ಲ. ಮಗಳನ್ನು ನೋಡಿ ಅವಳಿಗೆ ಸಂತೋಷವಾಗುತ್ತದೆ, ನನಗೆ ಕೈ ಮುಗಿಯುತ್ತಾಳೆ, ನಾನು ಬೇಡ ಬೇಡ ಅನ್ನುತ್ತೇನೆ ಎಂದೆಲ್ಲ ನಾನು ಬಸ್ಸಿನಲ್ಲೇ ಅಂದುಕೊಂಡು ಹೋಗಿದ್ದೆ. ಅವಳು ಟ್ರಂಕು ನೋಡಿದಳು, ನನ್ನನ್ನು ನೋಡಿದಳು.

"ಇವಳ್ನ ಕರ್ಕಂಡು ಬರ್ರಿ ಅಂತ ನಾನು ಕೇಳಿದ್ನಾ ಮೇಡಂ? ನೀವು ಹಾಸ್ಟೆಲ್ ಮಾಡೀವಿ ಅಂದ್ರಿ, ಬಿಟ್ಟೆ. ಈಗ ತಗಳ್ರಿ ಅಂತ ನೀವಾ ತಂದೀರಿ. ಕೈ ಸುಟ್ಟಿದ್ದು ನನ್ ಮಗಂದು. ಅದಕ್ಕ ಇವಳ ಸಾಲಿನೂ ಸುಡಬೇಕನ್ರಿ?"

ಜೋರಾಗಿ ಹೇಳಲಿಲ್ಲ. ಸುನಿತಾಳಿಗೆ ಕೇಳಬಾರದೆಂದು ನನ್ನನ್ನು ಜಗುಲಿಯಿಂದ ಈಚೆ ಕರೆದುಕೊಂಡು ಬಂದು ಹೇಳಿದಳು. ನಾನು ಏನೋ ಸಮಾಧಾನ ಹೇಳಲು ಹೋದೆ, ಹುಡುಗಿ ಊಟ ಬಿಟ್ಟಿದ್ದಾಳೆ ಎಂದೆ. ಉಪವಾಸ ಇದ್ರೆ ಹಸಿವಾದಾಗ ಉಣ್ತಾಳೆ, ಸಾಲಿ ಬಿಟ್ರೆ ಆಮೇಲೆ ಏನು ಮಾಡ್ತಾಳ್ರಿ ಎಂದಳು.

ಆಮೇಲೆ ಕೈ ಸುಟ್ಟ ದಿನದ ವಿಷಯ ಹೇಳಿದಳು. ನಾನು ಆಸ್ಪತ್ರೆಯಲ್ಲಿ ಅಷ್ಟು ಹೊತ್ತು ಅವಳ ಪಕ್ಕ ಕೂತಿದ್ದರೂ ಕೇಳಿರಲಿಲ್ಲ. ಹಾಸ್ಟೆಲಿನಲ್ಲಿ ನಾವು ಸುನಿತಾಳಿಗೆ ಎರಡು ಜೊತೆ ಹೊಸ ಬಟ್ಟೆ ಕೊಟ್ಟೆವಲ್ಲ, ಅವಳ ಹಳೇ ಹಳದಿ ಫ್ರಾಕನ್ನು ಸಾವಿತ್ರಿಬಾಯಿ ಪಕ್ಕದ ಮನೆಯ ಹುಡುಗಿಗೆ ಕೊಟ್ಟಿದ್ದಳು. ಆ ಹುಡುಗಿ ಲೈನು ಮನೆಯಲ್ಲಿ ಒಲೆ ಮುಂದೆ ಬೆನ್ನು ಹಾಕಿ ಕೂತು ಅನ್ನಕ್ಕಿಟ್ಟಿದ್ದಳು. ಅಕ್ಕನಿಲ್ಲದೆ ಅತ್ತೂ ಅತ್ತೂ ಸುಸ್ತಾಗಿದ್ದ ಕೂಸು ಆ ಫ್ರಾಕು ನೋಡಿ ಅಂಬೆಗಾಲಿಕ್ಕಿಕೊಂಡು ಹೋಗಿದೆ. ಹುಡುಗಿ ತಿರುಗಿ ನೋಡುವಷ್ಟರಲ್ಲಿ ಕೈ ಕೆಂಡದಲ್ಲಿತ್ತು. ಈ ಫ್ರಾಕಿನ ವಿಷಯ ಸುನಿತಾಳಿಗೆ ಹೇಳಿಲ್ಲ, ನೀವೂ ಹೇಳಬೇಡಿ ಎಂದು ಸಾವಿತ್ರಿಬಾಯಿ ನನ್ನ ಕೈ ಹಿಡಿದುಕೊಂಡಳು. ಅಷ್ಟು ಹೊತ್ತಿನಲ್ಲಿ ಅವಳು ನನ್ನನ್ನು ಕೇಳಿಕೊಂಡದ್ದು ಇದೊಂದನ್ನೇ.

ಹಾಗಾದರೆ ನಿನಗೆ ಏನು ಬೇಕು ಸಾವಿತ್ರಿಬಾಯಿ ಎಂದೆ. ಇಷ್ಟು ವರ್ಷದಲ್ಲಿ ನಾನು ಅವಳನ್ನಾಗಲಿ ಆ ತಾಂಡಾದ ಬೇರೆ ಯಾರನ್ನೇ ಆಗಲಿ ಹೀಗೆ ಕೇಳಿದ್ದು ಅದೇ ಮೊದಲು. ನಮ್ಮ ಸರ್ವೇಗಳಲ್ಲಿ ಪ್ರಶ್ನೆಗೆ ಬರವಿರಲಿಲ್ಲ, ಇದೊಂದು ಇರಲಿಲ್ಲ.

"ಕೂಸು ನೋಡಾಕ ಒಬ್ರು ಬೇಕ್ರಿ," ಎಂದಳು. "ಇವಳಲ್ಲ. ಯಾರಾರ ದೊಡ್ಡೋರು."

ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿದ್ದಳಂತೆ, ಅದು ನಮ್ಮ ಕೆಲಸ ಅಲ್ಲ ಅಂದರಂತೆ. ಹೂವಪ್ಪನನ್ನು ಕೇಳಿದರೆ, ಒಂದು ಆಳು ಕೂಸು ನೋಡುತ್ತಾ ಕೂತರೆ ಕೊಯ್ಯುವವರು ಯಾರು ಎಂದನಂತೆ. ಅವಳ ಗಂಡ ಮಾಲತೇಶ್ ಒಂದು ವಾರ ಕೂಸು ನೋಡಿಕೊಂಡ, ಗಂಡಸು ಲೈನಿನಲ್ಲಿ ಕೂರುತ್ತಾನೆ ಎಂದು ಎಲ್ಲರೂ ನಕ್ಕಮೇಲೆ ಬಿಟ್ಟುಬಿಟ್ಟ. ಉಳಿದಿದ್ದು ಸೀರೆ. ಮಧ್ಯಾಹ್ನ ಒಂದು ಸಲ ಬಂದು ನೋಡಿ ಹೋಗುತ್ತಾಳೆ. ಹೋದ ವರ್ಷ ಕಟ್ಟಿದ್ದರೆ ಕೈ ಉಳಿಯುತ್ತಿತ್ತು, ಕಟ್ಟಲು ಮನಸ್ಸು ಬರಲಿಲ್ಲ ಎಂದಳು.

ನಾವು ಹೊರಡುವಾಗ ಸುನಿತಾ ಕೂಸನ್ನು ಕೆಳಗಿಳಿಸಲಿಲ್ಲ. ತಾಯಿಯೇ ಎತ್ತಿಕೊಂಡು, ಮತ್ತೆ ಸೊಂಟಕ್ಕೆ ಸೀರೆ ಕಟ್ಟಿದಳು. ಮಗಳ ಮುಂದೆಯೇ ಕಟ್ಟಿದಳು. ಹೋಗು, ಓದು ಅಂದಳು. ನಾನು ಟ್ರಂಕು ಎತ್ತಿಕೊಂಡೆ. ವಾಪಸ್ ಬರುವಾಗ ಸುನಿತಾ ಬಸ್ಸಿನ ಕಿಟಕಿಯಿಂದ ಹಿಂದಕ್ಕೇ ನೋಡುತ್ತಾ ಕೂತಿದ್ದಳು. ಶಿವಮೊಗ್ಗದಲ್ಲಿ ಇಡ್ಲಿ ಕೊಡಿಸಿದೆ, ತಿಂದಳು. ತಿಂದಳಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಈಗ ಹಾಸ್ಟೆಲಿನಲ್ಲೇ ಇದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ.

ಈಗ ಹೇಳಿ. ಇವಳನ್ನು ನಿಮ್ಮ ವೇದಿಕೆಯ ಮೇಲೆ ನಿಲ್ಲಿಸಲಾ? ಘಾನಾದಿಂದ ಬರುವ ಆ ತಾಯಿಗೆ ಏನು ಹೇಳಿಸಲಿ? ಅವರ ಕೋಕೋ ತೋಟದಲ್ಲೂ ಕೂಸುಗಳಿರುತ್ತವೆ, ಅವುಗಳನ್ನು ಎತ್ತಿಕೊಂಡ ಅಕ್ಕಂದಿರಿರುತ್ತಾರೆ. ನಾವು ಶಾಲೆಗೆ ಮಗು ಯಾಕೆ ಬರುತ್ತಿಲ್ಲ ಎಂದು ಕೇಳಿದೆವು, ಆ ಮಗು ಅಲ್ಲಿ ಏನು ಮಾಡುತ್ತಿತ್ತು ಎಂದು ಕೇಳಲಿಲ್ಲ. ಇಲ್ಲಿ ಒಂದು ಗೋಡೌನಿನಲ್ಲಿ ಮಾಡಿದ ಈ ತಪ್ಪನ್ನು ನೀವು ಪೆಟ್ಟಿಗೆಯಲ್ಲಿಟ್ಟು ಸಮುದ್ರ ದಾಟಿಸುತ್ತಿದ್ದೀರಿ, ಅದಕ್ಕೆ ಶಿಕಾರಿಪುರ ಮಾದರಿ ಎಂದು ನಮ್ಮ ಊರಿನ ಹೆಸರನ್ನೂ ಇಟ್ಟಿದ್ದೀರಿ. ನನಗೆ ಹೆದರಿಕೆಯಾಗುತ್ತದೆ ಮಲ್ಲಿಕಾರ್ಜುನ್. ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿ.

ಹಾಸ್ಟೆಲ್ ಮುಚ್ಚಬೇಕು ಅನ್ನುತ್ತಿಲ್ಲ. ಮುಚ್ಚಿದರೆ ಗುಡ್ಡಮ್ಮ ಹೇಳಿದ್ದೇ ಆಗುತ್ತದೆ. ತೆರೆದಿಟ್ಟರೆ ಇನ್ನೆಷ್ಟು ಕೂಸುಗಳು ಕಂಬಕ್ಕೆ ಕಟ್ಟಿಸಿಕೊಂಡಿವೆಯೋ ನನಗೆ ಗೊತ್ತಿಲ್ಲ. ನಿನ್ನೆಯಿಂದ ಒಬ್ಬೊಬ್ಬ ಹುಡುಗಿಯನ್ನೂ ಕರೆದು ಮನೆಯಲ್ಲಿ ಸಣ್ಣವರು ಯಾರಿದ್ದಾರೆ, ಈಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಿದ್ದೇನೆ. ಕೆಲವರು ಅಜ್ಜಿ ಅನ್ನುತ್ತಾರೆ. ಕೆಲವರು ಸುಮ್ಮನೆ ನೆಲ ನೋಡುತ್ತಾರೆ, ನಾನು ಮತ್ತೆ ಕೇಳಲು ಹೋಗುವುದಿಲ್ಲ.

ಅತಿಥಿಗಳಿಗೆ ನೀವೇ ಬರೆಯಿರಿ. ಕಾರ್ಯಕ್ರಮ ಇಲ್ಲ, ಬರಬೇಡಿ ಎನ್ನಿ. ಬರಲೇಬೇಕೆಂದರೆ ಲೈನು ಮನೆಗೆ ಕರೆದುಕೊಂಡು ಹೋಗಿ, ವೇದಿಕೆ, ಹಾರ, ಯಾವುದೂ ಬೇಡ. ನಿಮ್ಮ ಕೆಲಸಕ್ಕೆ ಇದರಿಂದ ತೊಂದರೆಯಾಗಬಹುದು. ನಾನು ನಿಮಗೆ ಕೇಡು ಬಯಸುವವಳಲ್ಲ. ದೊಡ್ಡದಾಗಿ ಯೋಚಿಸಲು ಬರುವುದಿಲ್ಲ ಎಂದಿರಲ್ಲ, ಹೌದು, ನನ್ನ ತಲೆ ತುಂಬಾ ಈಗ ಆ ಒಂದು ಕೂಸೇ ಇದೆ. ನಿಮ್ಮನ್ನು ಊರಿಗೆ ಬನ್ನಿ ಎಂದು ಕರೆಯಲು ಈ ಪತ್ರ ಬರೆದಿಲ್ಲ, ಹಾಗೆಂದು ತಿಳಿಯಬೇಡಿ. ನಿಮ್ಮ ಜೀವನ ನಿಮಗೆ ಬಿಟ್ಟಿದ್ದು.

ಅಪ್ಪಾಜಿಗೆ ಮಂಡಿ ನೋವು ಬಿಟ್ಟರೆ ಆರಾಮು. ನಿಮ್ಮನ್ನು ಕೇಳುತ್ತಿರುತ್ತಾರೆ, ನನ್ನ ಮುಂದೆ ಮಾತ್ರ ಕೇಳುವುದಿಲ್ಲ.

ಇಂತಿ,
ಜಗಳ ಇನ್ನೂ ಮುಗಿಸದ ನಿಮ್ಮ
ಚೈತ್ರಶ್ರೀ

ಮತ್ತೊಂದು ಮಾತು, ಸೋಮವಾರ ಸಂಜೆ:

ಪತ್ರವನ್ನು ಬೆಳಿಗ್ಗೆಯೇ ಅಂಚೆಗೆ ಹಾಕಬೇಕಿತ್ತು, ಆಗಲಿಲ್ಲ. ಸುನಿತಾ ಇವತ್ತು ಶಾಲೆಗೆ ಹೊರಟವಳು ಶಾಲೆಗೆ ಹೋಗಿಲ್ಲ. ಮಾಸ್ತರು ಫೋನು ಮಾಡಿದಾಗ ನನ್ನ ಜೀವವೇ ಹೋಯಿತು. ಅಪ್ಪಾಜಿ ಆ ಮಂಡಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಬಂದರು, ಪೊಲೀಸ್ ಸ್ಟೇಷನ್ನಿಗೂ ಹೋದೆವು. ಕತ್ತಲಾಗುವ ಮೊದಲು ಹೂವಪ್ಪನ ಫೋನಿನಿಂದ ಸಾವಿತ್ರಿಬಾಯಿ ಮಾತಾಡಿದಳು. ಹುಡುಗಿ ಆಧಾರ್ ಕಾರ್ಡು ತೋರಿಸಿ, ಉಚಿತ ಟಿಕೆಟ್ಟಿನಲ್ಲಿ, ಗುರುವಾರ ನಾನು ಹೇಳಿಕೊಟ್ಟ ದಾರಿಯಲ್ಲೇ, ಬಸ್ಸು ಬದಲಿಸಿ ಬದಲಿಸಿ ಒಬ್ಬಳೇ ಹೋಗಿ ಮುಟ್ಟಿದ್ದಾಳೆ.

"ಬಂದಾಳ್ರಿ. ಗಂಟು ಬಿಚ್ಚಿ ಕೂಸಿನ್ನ ತೊಡಿ ಮ್ಯಾಲೆ ಹಾಕ್ಕಂಡು ಕುಂತಾಳ. ಬೈಯಾಕ ನನಗ ಬಾಯಿ ಬರಲಿಲ್ರಿ," ಎಂದಳು ಸಾವಿತ್ರಿಬಾಯಿ. ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡು ಅತ್ತೆವು.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಅವಳನ್ನು ಕರೆತರುತ್ತೇನೆ ಎಂದು ಗುಡ್ಡಮ್ಮನಿಗೆ ಹೇಳಿದ್ದೇನೆ, ಅದು ನಿಜವಲ್ಲ. ಕೂಸು ನೋಡಲು ಯಾರಾದರೂ ದೊಡ್ಡವರು ಬೇಕು ಎಂದಳಲ್ಲ, ನಾನು ದೊಡ್ಡವಳೇ, ನನಗೆ ಕೈಕಾಲು ನೆಟ್ಟಗಿವೆ. ಸೀಸನ್ ಮುಗಿಯುವ ತನಕ ಆ ಲೈನು ಮನೆಯ ಜಗುಲಿಯಲ್ಲಿ ಇರುತ್ತೇನೆ. ಮುಂದಿನ ವರ್ಷಕ್ಕೆ ಏನು ಮಾಡುವುದು ಅಂತ ಗೊತ್ತಿಲ್ಲ. ಕೂಸು ನನ್ನ ಹತ್ತಿರ ಅಳದೆ ಇರಲು ಒಂದು ವಾರವಾದರೂ ಬೇಕು. ಅಷ್ಟಾದ ಮೇಲೆ ಸುನಿತಾಳನ್ನು ಬಸ್ಸು ಹತ್ತಿಸುತ್ತೇನೆ. ಈ ಸಲ ಅವಳಾಗಿಯೇ ಹತ್ತುತ್ತಾಳೆ.

ಹಾಸ್ಟೆಲಿನ ಬೀಗದ ಕೈ ಅಪ್ಪಾಜಿಯ ಹತ್ತಿರ ಇದೆ. ನಿಮ್ಮನ್ನು ಕರೆಯಲು ಬರೆದದ್ದಲ್ಲ ಎಂದು ಮೇಲೆ ಬರೆದಿದ್ದೇನೆ, ಅದನ್ನು ಹೊಡೆದು ಹಾಕಿ ಓದಿಕೊಳ್ಳಿ. ಯಾರನ್ನೂ ಜೊತೆಗೆ ತರಬೇಡಿ. ಬನ್ನಿ, ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಆ ಮಗು ಇಳಿಯುವಾಗ ನೀವು ನಿಂತಿರಿ.